ಅಕ್ಕನಿಗೆ ತೋರಿಸಿದ ಬಸ್ಸು

೪ ಜನವರಿ ೧೯೫೯, ರವಿವಾರ

ಈ ಡೈರಿಯನ್ನು ಯಲ್ಲಾಪುರದ ಒಬ್ಬ ನಾಟಾ ಕಂತ್ರಾಟದಾರ ಕಳಿಸಿದ್ದಾನೆ. ನಾನು ಶಿರಸಿಯ ಮಾಮಲೇದಾರ ಕಚೇರಿಯಲ್ಲಿ ಅವಲ ಕಾರಕೂನನ ಕುರ್ಚಿ ಬಿಟ್ಟು ವರ್ಷ ದಾಟಿತೆಂದು ಆ ಬಡಪಾಯಿಗೆ ಯಾರೂ ಹೇಳಿದಂತಿಲ್ಲ. ಹೇಳಿದ್ದರೆ ಡೈರಿ ಹಾಗಿರಲಿ, ನಮಸ್ಕಾರವನ್ನೂ ಕಳಿಸುತ್ತಿರಲಿಲ್ಲ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂತು, ಕಾಗದದ ತಲೆಬರಹ ಬದಲಾಯಿತು, ನನ್ನ ತಲೆಯ ಕೂದಲು ಹೋಯಿತು. ಬರೆಯುವ ಚಟ ಮಾತ್ರ ಹೋಗಲಿಲ್ಲ.

ಮೊದಲ ಪುಟಗಳು ಖಾಲಿ ಉಳಿದಿವೆ. ಬರೆಯುವುದೇನೂ ಇರಲಿಲ್ಲವೆಂದಲ್ಲ, ಪೆನ್ಸಿಲು ಸಿಕ್ಕಿರಲಿಲ್ಲ. ಈ ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಎಂದು ತಿಳಿದಿದ್ದವರು ಇಬ್ಬರು. ಒಬ್ಬಳು ನನ್ನ ಹೆಂಡತಿ ಶಾರದೆ; ತೀರಿಕೊಂಡಳು. ಆಮೇಲೆ ಬಂದು ಮನೆ ಹಿಡಿದವಳು ನನ್ನ ಅಕ್ಕ ಗುರುಶಾಂತವ್ವ, ಅವಳೂ ಗಂಡನನ್ನು ಕಳೆದುಕೊಂಡವಳೇ. ಹೋದ ತಿಂಗಳು ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತ ಕೂತವಳಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಪೂರ್ತಿ ಹೋಗಿದ್ದರೆ ಅದಕ್ಕೊಂದು ಗಾಂಭೀರ್ಯವಾದರೂ ಇರುತ್ತಿತ್ತು. ಒಂದೇ ಒಂದು ಮಾತು ಉಳಿದುಕೊಂಡಿದೆ: “ಹಾಳಾಗ್ಲಿ.”

ಚಹಾ ಬೇಕೇ ಎಂದರೆ ಹಾಳಾಗ್ಲಿ. ಬೇಡವೇ ಎಂದರೂ ಹಾಳಾಗ್ಲಿ. ಎತ್ತಿ ಕೂರಿಸಲೇ, ದೀಪ ಹಚ್ಚಲೇ, ಅಕ್ಕಾ ನಾನು ಯಾರು ಗೊತ್ತಾಯಿತೇ? ಹಾಳಾಗ್ಲಿ. ಸಣ್ಣವನಿದ್ದಾಗಿನಿಂದ ಅವಳು ನನಗೆ ಹೇಳುತ್ತಿದ್ದುದರ ಸಾರಾಂಶ ಇದೇ ಆದ್ದರಿಂದ ಗುರುತು ಹತ್ತಿದೆ ಎಂದೇ ತಿಳಿದಿದ್ದೇನೆ.

ನನ್ನ ಸ್ಥಿತಿಯನ್ನು ಯಾರೂ ಕೇಳುವುದಿಲ್ಲ. ಕೆಲಸದ ಕಲ್ಲವ್ವ ಎರಡು ಹೊತ್ತು ಬಂದು ಬೇಯಿಸಿಟ್ಟು ಹೋಗುತ್ತಾಳೆ. ಅವಳ ಸಾರು ಕುಡಿದರೆ ಲಕ್ವ ನನಗೂ ಹೊಡೆದೀತು. ಬೆಳಿಗ್ಗೆ ಚಹಾ ತಡ. ಅಂಗಿಗೆ ಗುಂಡಿ ಇಲ್ಲ. ಫ್ರಮ್ ದಿ ಫ್ರೈಯಿಂಗ್ ಪ್ಯಾನ್ ಟು ದಿ… ಇನ್ನೇನೋ. ಧಾರವಾಡದಲ್ಲಿ ಎರಡು ವರ್ಷ ಕಾಲೇಜು ಓದಿದ್ದೇನೆ. ಬಾಣಲೆಯವರೆಗೆ ನೆನಪಿದೆ, ಮುಂದಿನದು ಮರೆತಿದೆ.

೮ ಜನವರಿ, ಗುರುವಾರ

ಡಾಕ್ಟರ್ ದಿನಕರ ಹೆಗಡೆ ಬಂದಿದ್ದರು. ಅಕ್ಕನ ದಿನದ ವರದಿ ಬರೆದಿಡಿ ಎಂದು ಅವರೇ ಹೇಳಿದ್ದರು. ನಾನು ಹಿಂದಿನ ದಾಖಲೆ, ಸದ್ಯದ ಸ್ಥಿತಿ, ಕೆಳಗೆ ಶೆರಾ ಎಂದು ಕಚೇರಿ ಪದ್ಧತಿಯಲ್ಲಿ ಹಾಳೆಗಟ್ಟಲೆ ಬರೆದುಕೊಟ್ಟೆ. ಡಾಕ್ಟರು ಒಂದು ಹಾಳೆ ಓದಿ ಕನ್ನಡಕ ತೆಗೆದರು.

“ಎಂತ ರಾಯರೇ ಇದು? ಅಕ್ಕನ ವರದಿ ಕೇಳಿದರೆ ಜಮೀನಿನ ಪಂಚನಾಮೆ ಕೊಟ್ಟಿದ್ದೀರಲ್ಲ ಮಾರಾಯ್ರೆ. ನಿನ್ನೆ ಊಟ ಮಾಡಿದರೋ ಇಲ್ಲವೋ?”

“ಅದು ಮೂರನೆಯ ಹಾಳೆಯಲ್ಲಿದೆ.”

“ಅವರಿಗೆ ಓದಲಿಕ್ಕೆ ಬರ್ತದಾ?”

“ಇಲ್ಲ. ಸಾಲೆಯ ಕಟ್ಟೆ ಹತ್ತಿದವಳಲ್ಲ.”

“ಹಾಗಾದರೆ ಚಿತ್ರ ಬರೀರಿ. ನಾವು ಹೇಳಿದ್ದೆಲ್ಲ ಅವರಿಗೆ ತಿಳೀತದೆ, ತಿರುಗಿ ಹೇಳಲಿಕ್ಕೆ ದಾರಿ ಇಲ್ಲ. ಚಿತ್ರ ಬರೆದು ತೋರಿಸಿದರೆ ಬೇಕಾದ್ದರ ಮೇಲೆ ಬೆರಳಿಡ್ತಾರೆ. ಏನೇನು ಆಯಿತೋ ಅದನ್ನೂ ಚಿತ್ರದಲ್ಲೇ ಗುರುತು ಹಾಕಿಡಿ. ನನಗೂ ಒಂದೇ ನೋಟಕ್ಕೆ ಆಗ್ತದೆ.”

“ನನಗೆ ಚಿತ್ರ ಬರುವುದಿಲ್ಲ.”

“ಕೋಲು, ಸೊನ್ನೆ ಬರ್ತದಲ್ಲ? ಸರಕಾರಿ ನೌಕರಿ ಮಾಡಿದವರು ನೀವು. ಸೊನ್ನೆ ಗ್ಯಾರಂಟಿ ಬರ್ತದೆ.”

ನನ್ನ ಮನೆಯ ಚಹಾ ಕುಡಿದು ನನಗೇ ಹೀಗೆ ಹೇಳಿ ಹೋದರು. ಕಾಲೇಜಿನಲ್ಲಿ ಒಬ್ಬ ಪ್ರೊಫೆಸರು, ಒನ್ ಪಿಕ್ಚರ್ ಈಸ್ ಈಕ್ವಲ್ ಟು ಇಷ್ಟು ವರ್ಡ್ಸ್ ಎನ್ನುತ್ತಿದ್ದರು. ಎಷ್ಟು ಎಂಬುದು ಮರೆತಿದೆ. ಲೆಕ್ಕ ಗೊತ್ತಿಲ್ಲದೆ ಕೈ ಹಾಕುವುದು ಹೇಗೆ?

೯ ಜನವರಿ, ಶುಕ್ರವಾರ

ಇಂದು ಆರಂಭ. ಮೊದಲ ಚಿತ್ರ ಚಹಾದ ಲೋಟ. ಇಷ್ಟು ವರ್ಷ ಅದೇ ಹಿತ್ತಾಳೆ ಲೋಟದಲ್ಲಿ ಕುಡಿದಿದ್ದೇನೆ, ಬರೆಯಲು ಕೂತರೆ ಅದರ ಬಾಯಿ ಅಗಲವೋ ತಳ ಅಗಲವೋ ಹೊಳೆಯಲಿಲ್ಲ. ಎದ್ದು ಅಡಿಗೆಮನೆಗೆ ಹೋಗಿ ನೋಡಿ ಬರಬೇಕಾಯಿತು. ಅಡಿಗೆಮನೆ ನಾನು ಎಣಿಸಿದ್ದಕ್ಕಿಂತ ಚಿಕ್ಕದು, ಕತ್ತಲೆ. ಕಿಟಕಿಗೆ ಮಸಿ ಹಿಡಿದಿದೆ. ಇಬ್ಬರು ಹೆಂಗಸರು ಇಲ್ಲಿ ಕೂತು ವರ್ಷಗಟ್ಟಲೆ ಹೇಗೆ ಬೇಯಿಸಿದರೋ.

ಲೋಟ ತೋರಿಸಿದೆ. ಅಕ್ಕ ಹಾಸಿಗೆಯಿಂದ ಇಳಿಯಲು ನೋಡಿದಳು. ಮೂತ್ರದ ಪಾತ್ರೆ ಎಂದು ತಿಳಿದಿದ್ದಳು. ಹಬೆ ಬರುವಂತೆ ಮೇಲೆ ಡೊಂಕು ಗೆರೆ ಎಳೆದೆ. ಇನ್ನೂ ಅವಸರ ಮಾಡಿದಳು.

ಎರಡನೆಯದು ದಿಂಬು. ಕಲ್ಲವ್ವ ಹಣಿಕಿ ನೋಡಿ, “ಇಡ್ಲಿ ಛಂದ ಬಂದಾವ್ರಿ ಯಜಮಾನ್ರ,” ಎಂದಳು.

೧೩ ಜನವರಿ, ಮಂಗಳವಾರ

ಕೆಲವು ನಿಯಮ ಮಾಡಿಕೊಂಡಿದ್ದೇನೆ. ಚಂದ ಮಾಡಲು ಹೋಗಬಾರದು. ಚಂದ ಮಾಡಲು ಹೋದಷ್ಟೂ ಪ್ರಾಣಿಯಂತೆ ಕಾಣುತ್ತದೆ. ಒಂದು ವಸ್ತುವಿಗೆ ಒಂದೇ ಗುರುತು, ನಾಳೆ ಬದಲಿಸಬಾರದು. ಯಾವುದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಬಾಣ. ಲೋಟದಿಂದ ಬಾಯಿಗೆ ಬಾಣ ಎಳೆದ ಕೂಡಲೇ ಅಕ್ಕ ಅದರ ಮೇಲೆ ಬೆರಳಿಟ್ಟಳು. ಬಾಣವೇ ಇಲ್ಲದೆ ಈ ಸರಕಾರ ಇಷ್ಟು ದಿನ ಹೇಗೆ ನಡೆಯಿತು?

ಎಡಗೈ ನೆಟ್ಟಗಿದ್ದರೂ ಅದರಿಂದ ಉಣ್ಣಲು ಒಪ್ಪುವುದಿಲ್ಲ. ಇಷ್ಟಲಿಂಗ ಹಿಡಿಯುವ ಕೈಯನ್ನು ಎಂಜಲು ಮಾಡಬಾರದೆಂಬುದು ಅವಳ ಹಳೆಯ ನೇಮ. ತುತ್ತು ನಾನೇ ಮಾಡಿ ಉಣಿಸುತ್ತೇನೆ. ನನ್ನ ತುತ್ತು ದೊಡ್ಡದಾಯಿತೆಂದು ಇವತ್ತು ಚಿತ್ರದಲ್ಲಿದ್ದ ತುತ್ತಿನ ಮೇಲೆ ಉಗುರಿನಿಂದ ಕೆರೆದು ತೋರಿಸಿದಳು. ಸಣ್ಣ ಸೊನ್ನೆ ಬರೆದೆ. ಅಷ್ಟೇ ಸಣ್ಣ ತುತ್ತು ಮಾಡಿದೆ. ಉಂಡಳು.

೧೯ ಜನವರಿ, ಸೋಮವಾರ

ಮಠದಿಂದ ಚನ್ನಯ್ಯನವರು ಬಂದಿದ್ದರು. ಪಾದಪೂಜೆ ಮುಗಿಸಿ ಅಕ್ಕನ ಹಣೆಗೆ ವಿಭೂತಿ ಹಚ್ಚಿ, “ಶಿವನಿಚ್ಛೆ, ತಾಯಿ,” ಎಂದರು.

“ಹಾಳಾಗ್ಲಿ,” ಎಂದಳು ಅಕ್ಕ, ಸ್ಪಷ್ಟವಾಗಿ, ನಡುಮನೆಗೆ ಕೇಳುವಂತೆ.

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಯ್ಯನವರು ಕಣ್ಣು ಮುಚ್ಚಿ, “ಸಂಸಾರ ಹಾಳಾಗಲಿ ಅಂತಾಳ. ಏನು ವೈರಾಗ್ಯ! ನಮಗ ಇನ್ನೂ ಹತ್ತಿಲ್ಲ ನೋಡು,” ಎಂದು ಕೈ ಮುಗಿದು, ಕಾಣಿಕೆಯ ಅಕ್ಕಿ ಮಾತ್ರ ಮರೆಯದೆ ಎತ್ತಿಕೊಂಡು ಹೋದರು.

೨೫ ಜನವರಿ, ರವಿವಾರ

ಅಕ್ಕನ ಮಗಳು ಅನ್ನಪೂರ್ಣವ್ವ ಹಾನಗಲ್ಲಿನಿಂದ ಬಂದಿದ್ದಳು. ಮದುವೆಯಾಗಿ ಬಹಳ ವರ್ಷವಾದ ಮೇಲೆ ಈಗ ಐದು ತಿಂಗಳ ಗರ್ಭಿಣಿ. ಬಂದವಳು ತಾಯಿಯ ಕಾಲು ಹಿಡಿದು ಅತ್ತಳು. ಎದ್ದು ನನ್ನ ಅಡಿಗೆಮನೆ ನೋಡಿ ಮತ್ತೆ ಅತ್ತಳು. ಆಮೇಲೆ ವಿಷಯಕ್ಕೆ ಬಂದಳು.

“ಮಾಮಾ, ಅವ್ವನ್ನ ನಾ ಕರ್ಕೊಂಡು ಹೋಗ್ತೀನ್ರಿ. ಅಲ್ಲಿ ನಮ್ಮತ್ತಿ ಅದಾರ, ಆಳು ಅದಾವ. ನಿಮಗ ನೀರು ಕಾಸಾಕೂ ಬರಂಗಿಲ್ಲ.”

“ಬರುತ್ತದೆ,” ಎಂದೆ. ಹೋದ ವಾರವೇ ಕಲಿತಿದ್ದೇನೆ.

“ಚೊಚ್ಚಲ ಹೆರಿಗಿ ತವರಾಗ ಆಗಬೇಕು ಅಂತಾರ. ನನಗ ತವರು ಎಲ್ಲೈತ್ರಿ ಈಗ? ಅವ್ವನ ಹಾಸಿಗೀನಾ ನನ್ನ ತವರು. ಅದನ್ನಾ ಎತ್ತಿಕೊಂಡು ಹೋದ್ರಾತು.”

ಹೆಂಗಸರು ಸಿಟ್ಟಿನಲ್ಲಿ ಏನೇನೋ ಹೇಳುತ್ತಾರೆ. ನನಗೂ ಸಿಟ್ಟು ಬಂದಿತ್ತು. ಅಕ್ಕ ಹೋದರೆ ಈ ಮನೆಯಲ್ಲಿ ನಾನೊಬ್ಬ, ಗೋಡೆಯ ಗಡಿಯಾರ ಒಂದು, ಅದೂ ನಿಂತಿದೆ. ಹಾಗೆಂದು ಬಾಯಿ ಬಿಟ್ಟು ಹೇಳಲಾದೀತೇ? “ಅವಳನ್ನೇ ಕೇಳೋಣ,” ಎಂದೆ.

“ಕೇಳ್ರಿ ಮತ್ತ. ಆಕಿ ಹೂಂ ಅಂದ್ರ ಏಳನೇ ತಿಂಗಳ ಕುಬಸಕ್ಕ ಮೊದಲ ಬಂದು ಕರ್ಕೊಂಡು ಹೋಗ್ತೀನಿ.”

ಇಬ್ಬರೂ ಹಾಸಿಗೆಯ ಕಡೆ ತಿರುಗಿದೆವು. ಉತ್ತರ ಏನು ಬಂತೆಂದು ಬರೆಯುವ ಅಗತ್ಯವಿಲ್ಲ.

೬ ಫೆಬ್ರವರಿ, ಶುಕ್ರವಾರ

ಹುಬ್ಬಳ್ಳಿಯ ದೊಡ್ಡ ಡಾಕ್ಟರಿಗೆ ಒಮ್ಮೆ ತೋರಿಸಿ ಬನ್ನಿ ಎಂದಿದ್ದಾರೆ ದಿನಕರ ಹೆಗಡೆಯವರು. ಬಸ್ಸಿನ ಪ್ರಯಾಣ. ಅಕ್ಕನಿಗೆ ಮೊದಲೇ ತಿಳಿಸಿದರೆ ಹೆದರಲಾರಳೆಂದು ಒಂದು ಇಡೀ ಪುಟದ ಚಿತ್ರ ಬರೆದೆ. ಇದುವರೆಗಿನ ನನ್ನ ಅತ್ಯುತ್ತಮ ಕೃತಿ. ಉದ್ದನೆಯ ಪೆಟ್ಟಿಗೆ, ಅದಕ್ಕೆ ಮೇಲೆ ದುಂಡಗಾದ ಒಂದು ಕಿಟಕಿ. ಕಿಟಕಿಯೊಳಗೆ ಅಕ್ಕ ನೆಟ್ಟಗೆ ಕೂತಿದ್ದಾಳೆ. ಅವಳೇ ಎಂದು ಗುರುತು ಸಿಗಲು ಹಣೆಗೆ ಮೂರು ಬೆರಳು ವಿಭೂತಿ. ಬಸ್ಸಿನ ಮೂತಿಗೆ ಹೂವಿನ ಹಾರ ಇರುತ್ತದಲ್ಲ, ಮೂತಿ ಪುಟದಲ್ಲಿ ಹಿಡಿಯಲಿಲ್ಲ, ಹಾರವನ್ನು ಕಿಟಕಿಗೇ ಇಳಿಬಿಟ್ಟೆ. ಅದು ಅಕ್ಕನ ಕೊರಳಿಗೆ ಬಂತು. ಶೋಭಿಸಿತು.

ತೋರಿಸಿದೆ. ಬಹಳ ಹೊತ್ತು ನೋಡಿದಳು. ಕೊರಳಿನಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಪ್ರಯಾಣಕ್ಕೆ ಮುಂಚೆ ದೇವರ ಸ್ಮರಣೆ, ಎಷ್ಟು ಒಳ್ಳೆಯ ಪದ್ಧತಿ ಎಂದು ಮೆಚ್ಚಿಕೊಂಡೆ.

ಊಟದ ತಟ್ಟೆ ದೂಡಿದಳು. ಹಾಳಾಗ್ಲಿ ಎಂದೂ ಅನ್ನಲಿಲ್ಲ.

೭ ಫೆಬ್ರವರಿ, ಶನಿವಾರ

ಇಂದೂ ಬಾಯಿ ತೆರೆಯಲಿಲ್ಲ. ನೀರು ಕೂಡ ಒಲ್ಲಳು. ಮುಖ ಗೋಡೆಗೆ. ಗಾಬರಿಯಾಗಿ ಕಲ್ಲವ್ವನನ್ನು ಕರೆದೆ. ಅವಳು ದಿಂಬಿನ ಪಕ್ಕದಲ್ಲಿದ್ದ ಡೈರಿ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡಳು.

“ಯವ್ವಾ! ಏನ್ರೀ ಯಜಮಾನ್ರ, ಅಕ್ಕಾರು ಇನ್ನೂ ಉಸಿರಾಡಾಕತ್ತಾರ, ಆಗಲೇ ಕುಣಿಯಾಗ ಕುಂದ್ರಿಸಿಬಿಟ್ಟೀರಲ್ರಿ?”

ನನ್ನ ಕಣ್ಣಿಗೆ ಆಗ ಬಿತ್ತು. ನಮ್ಮಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ. ಕುಣಿ ತೋಡಿ, ಗೋಡೆಯಲ್ಲಿ ಗೂಡು ಕೊರೆದು, ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸುತ್ತೇವೆ. ನಾನು ಬರೆದದ್ದು ಅದನ್ನೇ, ಒಂದು ಗೆರೆಯೂ ಹೆಚ್ಚು ಕಡಿಮೆ ಇಲ್ಲದಂತೆ. ಪಾಪದವಳಿಗೆ, ತಮ್ಮ ತನ್ನ ವ್ಯವಸ್ಥೆಯ ನಕ್ಷೆ ತಯಾರಿಸಿ ಮಂಜೂರಿಗೆ ತಂದಿದ್ದಾನೆ ಎನ್ನಿಸಿರಬೇಕು. ಮಂಜೂರು ಮಾಡಿ ಕೂತಿದ್ದಳು.

ಕೂಡಲೇ ತಿದ್ದಿದೆ. ಕೆಳಗೆ ಗಾಲಿ ಹಾಕಿದೆ. ಮುಂದೊಬ್ಬ ಡ್ರೈವರ, ಹಿಂದೊಬ್ಬ ಕಂಡಕ್ಟರ.

ಕಲ್ಲವ್ವ ತಲೆ ಅಲ್ಲಾಡಿಸಿದಳು. “ಈಗ ವಿಮಾನ ಆತ್ರಿ. ಹೊರೋ ಮಂದೀನೂ ಬಂದ್ರು. ಭಜನಿ ಮ್ಯಾಳ ಒಂದಾ ಕಡಿಮಿ.”

ಹೆಣದ ವಿಮಾನಕ್ಕೂ ಹುಬ್ಬಳ್ಳಿ ಬಸ್ಸಿಗೂ ಇಷ್ಟು ಸಂಬಂಧವಿದೆ ಎಂದು ಪ್ರಯಾಣ ಮಾಡಿದವರಿಗೆ ಗೊತ್ತೇ ಇದೆ, ಆದರೆ ಅಕ್ಕನಿಗೆ ಅದನ್ನು ಹೇಳುವ ಸಮಯ ಇದಲ್ಲ. ಬೆವರಿಬಿಟ್ಟೆ. ಕೊನೆಗೆ ಕಿಟಕಿಯನ್ನು ಅಗಲ ಮಾಡಿ, ಅವಳ ಮಗ್ಗುಲಿಗೆ ನನ್ನನ್ನೂ ಬರೆದೆ. ಬೋಳು ತಲೆ, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಟಿಕೀಟು. ಅವಳ ಮುಖದ ಮುಂದೆ ಹಿಡಿದು, “ಅಕ್ಕಾ, ನಾನೂ ಬರುತ್ತೇನೆ ನೋಡು,” ಎಂದೆ.

ಒಂದು ಕಣ್ಣು ತೆರೆದಳು. ಚಿತ್ರದಲ್ಲಿ ತನ್ನನ್ನು ನೋಡಿಕೊಂಡಳು, ನನ್ನನ್ನು ನೋಡಿದಳು. ಜೋಡಿ ಸಮಾಧಿಯಲ್ಲಿ ಛತ್ರಿ ಹಿಡಿದು ಕೂತವರನ್ನು ಯಾರೂ ಕಂಡಿರಲಾರರು. ನಕ್ಕಳು. ಲಕ್ವ ಹೊಡೆದ ಮೇಲೆ ಮೊದಲ ಸಲ. ಅರ್ಧ ಮುಖ ಮಾತ್ರ ನಕ್ಕಿತು, ಇನ್ನರ್ಧ ಸಭೆಯ ಅಧ್ಯಕ್ಷರಂತೆ ಗಂಭೀರವಾಗಿ ಕೂತಿತ್ತು. “ಹಾಳಾಗ್ಲಿ,” ಎಂದಳು. ಅಷ್ಟು ಹಿತವಾದ ಮಾತು ಈ ಮನೆಯಲ್ಲಿ ಇತ್ತೀಚೆಗೆ ಕೇಳಿಲ್ಲ.

ಗಂಜಿ ಕುಡಿದಳು. ಎರಡು ಬಟ್ಟಲು.

ಶಾರದೆಯನ್ನು ನಾವು ಹಾಗೆಯೇ ಕೂರಿಸಿದ್ದೆವು. ಹಾರ ಸ್ವಲ್ಪ ಎಡಕ್ಕೆ ಜಾರಿತ್ತು. ನಾನು ಚಿತ್ರದಲ್ಲೂ ಎಡಕ್ಕೇ ಬರೆದಿದ್ದೇನೆ. ಕೈಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

೧೨ ಫೆಬ್ರವರಿ, ಗುರುವಾರ

ಹುಬ್ಬಳ್ಳಿಗೆ ಹೋಗಿ ಬಂದೆವು. ದೊಡ್ಡ ಡಾಕ್ಟರು ದಿನಕರರು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ನಾನೂ “ಇನ್ ದಿ ಲಾಂಗ್ ಅಂಡ್ ದಿ ಶಾರ್ಟ್ ರನ್” ಎಂದು ಏನೋ ಕೇಳಿದೆ. ಅವರು ನನ್ನ ನಾಲಗೆಯನ್ನೂ ಪರೀಕ್ಷಿಸಿದರು.

ಬರುವಾಗ ಯಲ್ಲಾಪುರದಲ್ಲಿ ನಾಟಾ ಲಾರಿಗಳ ಹಿಂದೆ ಬಸ್ಸು ನಿಂತುಬಿಟ್ಟಿತು. ಡೈರಿ ಕಳಿಸಿದ ಕಂತ್ರಾಟದಾರ ನನ್ನನ್ನು ಕಂಡು ಓಡಿ ಬಂದು ಚಹಾ ತರಿಸಿದ. ನಾನು ನಿವೃತ್ತನಾದ ವಿಷಯ ಹೇಳಿದೆ. ಚಹಾ ವಾಪಸು ಹೋಗಲಿಲ್ಲ, ಆದರೆ ಬರಬೇಕಾಗಿದ್ದ ಬಿಸ್ಕೀಟು ಬರಲಿಲ್ಲ.

ಅಕ್ಕ ಡೈರಿ ಕೇಳಿದಳು, ಅಂದರೆ ಚೀಲದತ್ತ ಬೆರಳು ಮಾಡಿದಳು. ಪೆನ್ಸಿಲನ್ನು ಎಡಗೈಯಲ್ಲಿ ಸೌಟಿನಂತೆ ಹಿಡಿದು ನನ್ನ ಬಸ್ಸಿನ ಕಿಟಕಿಗೆ ಅಡ್ಡ ಸರಳು ಎಳೆದಳು. ಹೌದು, ಕಿಟಕಿಗೆ ಸರಳಿರುತ್ತವೆ. ನಾನು ಮರೆತಿದ್ದೆ. ಸರಳಿದ್ದಿದ್ದರೆ ಯಾರೂ ಕುಣಿ ಎನ್ನುತ್ತಿರಲಿಲ್ಲ.

೨೦ ಫೆಬ್ರವರಿ, ಶುಕ್ರವಾರ

ಅನ್ನಪೂರ್ಣೆಯ ಕಾರ್ಡು ಬಂದಿದೆ. ಅವ್ವನನ್ನು ಕೇಳಿದಿರಾ ಎಂದು.

ಚಿತ್ರ ಬರೆದೆ. ಎಡಕ್ಕೆ ನನ್ನ ಮನೆ: ಬಾಗಿಲಿಗೆ ತೋರಣ, ತುಳುಕುವ ಚಹಾ, ಮೆತ್ತಗಿನ ಹಾಸಿಗೆ, ನಗುತ್ತಿರುವ ತಮ್ಮ. ಬಲಕ್ಕೆ ಹಾನಗಲ್ಲಿನ ಮನೆ: ಬಾಗಿಲಲ್ಲಿ ಬೀಗತಿ ಸಾವಿತ್ರವ್ವ, ಸ್ವಲ್ಪ ಕೋರೆಹಲ್ಲು, ಒಂದು ನಾಯಿ, ಸ್ವಲ್ಪ ದೊಡ್ಡದು, ಛಾವಣಿಯಲ್ಲಿ ಒಂದು ಹಾವು.

ಅಕ್ಕ ಚಿತ್ರ ನೋಡಿದಳು. ಹತ್ತಿರ ಬಾ ಎಂದು ಬೆರಳಾಡಿಸಿದಳು. ಬಗ್ಗಿದೆ. ಕಿವಿ ಹಿಂಡಿದಳು. ಎಡಗೈಗೆ ಒಳ್ಳೆಯ ಶಕ್ತಿ ಬಂದಿದೆ ಎಂದು ಡಾಕ್ಟರಿಗೆ ವರದಿ ಮಾಡಬೇಕು.

೨೨ ಫೆಬ್ರವರಿ, ರವಿವಾರ

ಪ್ರಾಮಾಣಿಕವಾಗಿ ಮತ್ತೆ ಬರೆದೆ. ಎರಡು ಮನೆ, ಎರಡೂ ಒಂದೇ ಅಳತೆ. ಅಲ್ಲಿ ಮಗಳು, ಇಲ್ಲಿ ನಾನು. ನಡುವೆ ಅಕ್ಕ. ಹಾವು ತೆಗೆದೆ. ಕೋರೆಹಲ್ಲು ತೆಗೆಯಲು ಮನಸ್ಸಾಗಲಿಲ್ಲ, ಆದರೂ ತೆಗೆದೆ. ಯಾವ ಮನೆಗೆ ಬೇಕೋ ಅದಕ್ಕೆ ಬೆರಳಿಡು ಎಂದೆ. ಎಲ್ಲಿಟ್ಟರೂ ಸುಮ್ಮನೆ ಒಪ್ಪಬೇಕೆಂದು ಹಲ್ಲು ಕಚ್ಚಿ ಕೂತಿದ್ದೆ.

ಎರಡರ ಮೇಲೂ ಇಡಲಿಲ್ಲ. ಪೆನ್ಸಿಲು ಕಸಿದುಕೊಂಡಳು. ನನ್ನ ಮನೆಯ ಅಂಗಳದಲ್ಲಿ ಒಂದು ಸೊನ್ನೆ ಬರೆದಳು. ಅದರೊಳಗೆ ಇನ್ನೊಂದು ಸಣ್ಣ ಸೊನ್ನೆ. ನನ್ನ ಮುಖ ನೋಡಿದಳು.

ಉದ್ದಿನ ವಡೆ! ತೂತು ಸಹಿತ. ಇಷ್ಟು ದೊಡ್ಡ ಪ್ರಶ್ನೆಯ ನಡುವೆ ವಡೆಯ ಆಸೆಯೇ ಎಂದುಕೊಂಡರೂ, ರೋಗಿಯ ಬಾಯಿರುಚಿ, ಪೇಟೆಗೆ ಓಡಿ ಬಿಸಿ ವಡೆ ತಂದೆ. ಅಕ್ಕ ವಡೆ ನೋಡಿದಳು, ನನ್ನನ್ನು ನೋಡಿದಳು, “ಹಾಳಾಗ್ಲಿ” ಎಂದಳು. ಈ ಸಲ ಆ ಮಾತಿಗೆ ಅರ್ಥವಿತ್ತು. ಕಣ್ಣಲ್ಲಿ ನೀರೂ ಇತ್ತು.

ವಡೆ ಕಲ್ಲವ್ವನ ಪಾಲಾಯಿತು.

೨೩ ಫೆಬ್ರವರಿ, ಸೋಮವಾರ

ಊಹಿಸುವುದು ನನ್ನ ಕೆಲಸವಲ್ಲ ಎಂದು ಬೆಳಿಗ್ಗೆ ಹೊಳೆಯಿತು. ಹೊಸ ಪುಟ ತೆಗೆದು ಅವಳ ಮಡಿಲಲ್ಲಿಟ್ಟು, ಜಾರದಂತೆ ಎರಡೂ ಕೈಯಿಂದ ಹಿಡಿದು ಬಾಯಿ ಮುಚ್ಚಿ ಕೂತೆ. ನಾನು ಬಾಯಿ ಮುಚ್ಚಿ ಕೂತದ್ದನ್ನು ಕಲ್ಲವ್ವ ಬಾಗಿಲಲ್ಲಿ ನಿಂತು ನೋಡಿದಳು.

ಮತ್ತೆ ದೊಡ್ಡ ಸೊನ್ನೆ, ಒಳಗೆ ಸಣ್ಣ ಸೊನ್ನೆ. ಪೆನ್ಸಿಲು ನಿಲ್ಲಲಿಲ್ಲ. ದೊಡ್ಡ ಸೊನ್ನೆಯ ಮೇಲೆ ಒಂದು ತಲೆ. ತಲೆಗೊಂದು ತುರುಬು. ಹಣೆಗೊಂದು ಚುಕ್ಕೆ. ಕೆಳಗೆ ಎರಡು ಕಾಲು. ಕಾಲಿನಿಂದ ಒಂದು ಬಾಣ, ನಡುಗುತ್ತ ನಡುಗುತ್ತ, ಪುಟ ದಾಟಿ, ಎದುರು ಪುಟದಲ್ಲಿ ನಾನು ನಿನ್ನೆ ಬರೆದಿದ್ದ ನನ್ನ ಬಾಗಿಲಿನ ಒಳಗೆ ಹೋಗಿ ನಿಂತಿತು.

ಅನ್ನಪೂರ್ಣೆ. ಹೊಟ್ಟೆಯಲ್ಲಿ ಕೂಸು. ಇಲ್ಲಿಗೆ.

ತಾನು ಹೋಗುವುದಲ್ಲ, ಅವಳು ಬರುವುದು. ಅಕ್ಕ ಪೆನ್ಸಿಲು ಬಿಟ್ಟು ನನ್ನ ಗದ್ದ ಮುಟ್ಟಿದಳು. ಈ ವಯಸ್ಸಿನ ಗಂಡಸಿನ ಗದ್ದ ಮುಟ್ಟಿ ಬೇಡಿಕೊಳ್ಳುವವರು ಬೇರೆ ಯಾರೂ ಉಳಿದಿಲ್ಲ.

೨೪ ಫೆಬ್ರವರಿ, ಮಂಗಳವಾರ

ಸಾಧ್ಯವೇ ಇಲ್ಲ. ವಿಧುರನ ಮನೆಯಲ್ಲಿ ಬಾಣಂತನವೇ? ಬಾಣಂತಿಗೆ ಎಣ್ಣೆ ಹಚ್ಚುವವರು ಯಾರು, ಹಂಡೆಗಟ್ಟಲೆ ನೀರು ಕಾಸುವವರು ಯಾರು, ಕೂಸಿಗೆ ಎರೆಯುವವರು ಯಾರು, ಹೊಗೆ ಹಾಕುವವರು ಯಾರು? ಮನೆಯೆಲ್ಲ ಓಮಕಾಳಿನ ವಾಸನೆ. ಬೆಳತನಕ ಅಳು. ನನ್ನ ಕೋಣೆಯನ್ನೇ ಕೇಳುತ್ತಾರೆ, ಗಾಳಿ ಬಾರದ ಕೋಣೆ ಅದೊಂದೇ. ನನ್ನ ಕಾಗದಪತ್ರ ಎಲ್ಲಿಡುವುದು? ಮೂಲತಃ ಇದು ನನ್ನ ಅಧಿಕಾರವ್ಯಾಪ್ತಿಯೇ ಅಲ್ಲ. ಬಾಣಂತನ ಮಾಡುವುದು ತಾಯಿ. ತಾಯಿಗೆ ಆಗದಿದ್ದರೆ ಅತ್ತೆ. ಸೋದರಮಾವ ಎಂಬವನು ತೊಟ್ಟಿಲಿಗೆ ಬರುವವನು, ಕುಪ್ಪಸದ ಖಣ ಕೊಡುವವನು, ಉಂಡು ಹೋಗುವವನು. ಮ್ಯಾನ್ ಪ್ರೊಪೋಸಸ್ ಅಂಡ್ ದಿ ಸಿಸ್ಟರ್ ಅಪೋಸಸ್.

ಕಲ್ಲವ್ವನನ್ನು ಕೇಳಿದೆ, ಸುಮ್ಮನೆ, ಮಾಹಿತಿಗಾಗಿ. ಅವಳ ನಾದಿನಿ ಗಂಗೆ ಬಾಣಂತಿಗೆ ಎರೆಯುವುದರಲ್ಲಿ ಹೆಸರಾದವಳಂತೆ. “ಆದ್ರ ನೀರು ನೀವಾ ಕಾಸಬೇಕ್ರಿ. ಆಕಿ ಎದ್ದು ಬರೂದು ಹೊತ್ತೇರಿದ ಮ್ಯಾಲ.”

ಡಾಕ್ಟರರನ್ನೂ ಕೇಳಿದೆ, ದಾರಿಯಲ್ಲಿ ಸಿಕ್ಕರು. “ನನ್ನ ಮನೆ ನಿಮ್ಮ ಓಣಿಯ ತುದಿಗೇ ಅಲ್ಲವಾ? ಹಾನಗಲ್ಲಿಗಿಂತ ಹತ್ತಿರ ಆಯಿತಲ್ಲ ಮಾರಾಯ್ರೆ. ಎಂತ ಯೋಚನೆ?”

ಯಾರೂ ನನ್ನ ಪಕ್ಷದಲ್ಲಿಲ್ಲ.

೧ ಮಾರ್ಚ್, ರವಿವಾರ

ಕೋಣೆ ಖಾಲಿ ಮಾಡಿದೆ. ಕಾಗದಪತ್ರ ಅಟ್ಟಕ್ಕೆ. (ಚಿತ್ರ: ಅಟ್ಟ, ಏಣಿ, ನಾನು, ಬೀಳುತ್ತಿರುವ ಪೆಟ್ಟಿಗೆ.)

೬ ಮಾರ್ಚ್, ಶುಕ್ರವಾರ

ಗರ್ಭಿಣಿಗೆ ತವರಿನ ಹಸಿರು ಸೀರೆ ಆಗಬೇಕು. ಹಸಿರಿನಲ್ಲಿ ಇಷ್ಟು ಬಗೆ ಇದೆ ಎಂದು ಯಾರಿಗೆ ಗೊತ್ತಿತ್ತು? ಅಂಗಡಿಯಲ್ಲಿ ಕೂತು ಒಂದೊಂದು ಸೀರೆಯ ಅಂಚನ್ನೂ ಡೈರಿಯಲ್ಲಿ ಬರೆದುಕೊಂಡೆ. ಅಂಗಡಿಯವನು, “ಯಾವ ಇಲಾಖೆಯ ತಪಾಸಣೆ ಸಾಹೇಬರ?” ಎಂದು ಎದ್ದು ನಿಂತ. ತಪಾಸಣೆಯಲ್ಲ ಎಂದು ನಾನು ಹೇಳಲಿಲ್ಲ. ಕುರ್ಚಿ ಕೊಟ್ಟ.

ಅಕ್ಕ ತೇರಿನ ಅಂಚಿನ ಮೇಲೆ ಬೆರಳಿಟ್ಟಳು. ನನಗೆ ರುದ್ರಾಕ್ಷಿ ಅಂಚು ಹಿಡಿಸಿತ್ತು. ತೇರಿನದೇ ತಂದೆ.

೧೨ ಮಾರ್ಚ್, ಗುರುವಾರ, ಹಾನಗಲ್ಲ

ಅಕ್ಕನನ್ನು ಕಲ್ಲವ್ವನಿಗೆ ಒಪ್ಪಿಸಿ ಬಂದು, ಬೀಗರ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕುಬಸ ಆಯಿತು. ಹಸಿರು ಸೀರೆ, ಹಸಿರು ಬಳೆ. ಸೋದರಮಾವನಾಗಿ ತಾಯಿಯ ಕೆಲಸಕ್ಕೂ ನಾನೇ ನಿಂತೆ. ಉಡಿ ತುಂಬುವಾಗ ಅಕ್ಕಿ ಅರ್ಧ ಚೆಲ್ಲಿದೆ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಕರೆದುಕೊಂಡು ಹೋಗುತ್ತೇನೆ ಎಂದಾಗ ನಗು ನಿಂತಿತು. ಸಾವಿತ್ರವ್ವ ಎಲೆ ಮಡಿಸುವುದನ್ನು ಬಿಟ್ಟರು.

“ಬೀಗರ, ತಪ್ಪು ತಿಳೀಬ್ಯಾಡ್ರಿ. ಹೆಂಗಸಿಲ್ಲದ ಮನಿಯಾಗ ಬಾಣಂತನ ಯಾರು ಮಾಡ್ತಾರ್ರಿ? ನಿಮ್ಮಕ್ಕಾರು ಹಾಸಿಗಿ ಹಿಡಿದಾರ.”

ಉತ್ತರವನ್ನು ಇಂಗ್ಲಿಷಿನಲ್ಲಿ ಯೋಚಿಸಿಟ್ಟುಕೊಂಡಿದ್ದೆ, ನೆನಪಾಗಲಿಲ್ಲ. ಡೈರಿ ತೆಗೆದು ಅವರ ಮುಂದಿಟ್ಟೆ. ಮನೆಯ ಚಿತ್ರ. ಈ ಕೋಣೆ ಬಾಣಂತಿಗೆ. ಬಾಣ ಹಿಡಿದು ಹೋದರೆ ಬಚ್ಚಲು, ಒಲೆ, ಹಂಡೆ. ಕೊಡ ಹಿಡಿದವನು ನಾನು. ಇವಳು ಗಂಗೆ, ಎಣ್ಣೆಯ ಗಿಂಡಿ ಹಿಡಿದವಳು. ಇದು ಡಾಕ್ಟರ ಮನೆ, ಇಲ್ಲಿಂದ ಕೂಗಿದರೆ ಕೇಳುತ್ತದೆ. ಇಲ್ಲಿ ಅಕ್ಕನ ಹಾಸಿಗೆ, ಮಗಳ ಮಂಚದ ಎದುರಿಗೇ, ಮುಖ ಕಾಣುವ ಹಾಗೆ.

ಸಾವಿತ್ರವ್ವನವರೂ ಓದು ಬಾರದವರು. ಬಾಣದ ಮೇಲೆ ಬೆರಳಾಡಿಸುತ್ತ ಮನೆಯೊಳಗೆಲ್ಲ ಓಡಾಡಿದರು. ಬಚ್ಚಲಿಗೆ ಹೋದರು, ಒಲೆಯ ಮುಂದೆ ನಿಂತರು. ಕಚೇರಿಯಲ್ಲಿ ಇಷ್ಟು ಗಮನವಿಟ್ಟು ನನ್ನ ಕಾಗದವನ್ನು ಯಾವ ಸಾಹೇಬನೂ ನೋಡಿರಲಿಲ್ಲ. ಕೊನೆಗೆ ತಲೆ ಎತ್ತಿ, “ಎಲ್ಲಾ ಐತಿ. ತೊಟ್ಟಿಲ ಎಲ್ಲೈತ್ರಿ?” ಎಂದರು.

ಮರೆತುಬಿಟ್ಟಿದ್ದೆ! ಪೆನ್ಸಿಲು ತೆಗೆದು ಅಲ್ಲೇ ತೊಲೆಯಿಂದ ಎರಡು ಗೆರೆ ಇಳಿಸಿ ತೊಟ್ಟಿಲು ಕಟ್ಟಿದೆ.

“ಅಷ್ಟು ಬಾಗಿಲ ಸನ್ಯಾಕ ಬ್ಯಾಡ್ರಿ, ಗಾಳಿ ಹೊಡೀತೈತಿ.”

ಅಳಿಸಿ ಒಳಗೆ ಕಟ್ಟಿದೆ. “ಈಗ ಆತು,” ಎಂದು ನನಗೆ ಎಲೆಯಡಿಕೆ ಕೊಟ್ಟರು. ಅವರ ಹಲ್ಲನ್ನು ಹತ್ತಿರದಿಂದ ನೋಡಿದೆ, ಸರಿಯಾಗಿಯೇ ಇವೆ.

ಅನ್ನಪೂರ್ಣೆ ಕಂಬದ ಹಿಂದೆ ನಿಂತಿದ್ದಳು. ಆಮೇಲೆ ನೀರು ಕೊಡುವ ನೆವದಲ್ಲಿ ಬಂದು, “ಮಾಮಾ, ತವರು ಎಲ್ಲೈತಿ ಅಂತ ಅಂದಿದ್ದೆ. ನೀವು ಕೇಳಿಸಿಕೊಂಡಿರಲಿಲ್ಲ ಅಂತ ತಿಳಿದಿದ್ದೆ,” ಎಂದಳು.

“ಕೇಳಿಸಿಕೊಂಡಿದ್ದೆ,” ಎಂದೆ. ಡೈರಿಯಲ್ಲಿ ಬರೆದೇ ಇದೆಯಲ್ಲ. ಇಷ್ಟಕ್ಕೆ ಯಾಕೆ ಅತ್ತಳೋ.

೧೬ ಮಾರ್ಚ್, ಸೋಮವಾರ

ನನ್ನ ಕೋಣೆಯಲ್ಲಿ ಅನ್ನಪೂರ್ಣೆ. ಪಡಸಾಲೆಯಲ್ಲಿ ನಾನು, ತಿಗಣೆಗಳೊಡನೆ. ತಾಯಿ ಮಗಳು ಬೆಳಗಿನಿಂದ ಮಾತಾಡುತ್ತಿದ್ದಾರೆ. ಒಬ್ಬಳಿಗೆ ಮಾತು ಬರುವುದಿಲ್ಲ, ಆದರೂ ಗದ್ದಲ ತಡೆಯಲಾಗುತ್ತಿಲ್ಲ. ಕಲ್ಲವ್ವ ಉಂಡೆ ಕಟ್ಟುತ್ತೇನೆಂದು ಕೊಬ್ಬರಿ ತಂದು ತಾನೇ ಅರ್ಧ ತಿಂದಿದ್ದಾಳೆ. ಈ ಎಲ್ಲ ದೂರುಗಳನ್ನೂ ವಿವರವಾಗಿ ದಾಖಲಿಸಬೇಕೆಂದು ಡೈರಿ ತೆರೆದರೆ ಪುಟದಲ್ಲಿ ಜಾಗವಿಲ್ಲ. ಅಕ್ಕ ಬರೆದಿಟ್ಟಿದ್ದಾಳೆ.

ಅವಳು ಹಾಸಿಗೆಯಲ್ಲಿ. ಎದುರಿಗೆ ಮಗಳು, ಹೊಟ್ಟೆ ಪುಟದ ಅರ್ಧ. ಕಲ್ಲವ್ವ, ಕೈಯಲ್ಲಿ ಕೊಬ್ಬರಿ. ಉಳಿದ ಮೂಲೆಯಲ್ಲಿ, ಬೆಂಕಿಕಡ್ಡಿಯಷ್ಟು ಎತ್ತರಕ್ಕೆ, ಒಲೆಯ ಮುಂದೆ ಕೂತು ಊದುತ್ತಿರುವ ಬೋಳುತಲೆಯವ ನಾನು.

ಅಳತೆ ತಪ್ಪಿದೆ, ನಾನು ಇಷ್ಟು ಗಿಡ್ಡನಲ್ಲ ಎಂದು ಹೇಳಲು ಅಕ್ಕನ ಹತ್ತಿರ ಹೊರಟಿದ್ದೆ. ಅಷ್ಟರಲ್ಲಿ ಹಾಲು ಉಕ್ಕಿತು.